ಸೀರೆಯಾ, ನೈಟಿಯಾ

ಸೀರೆ ಉಡುವುದೂ ಒಂದು ಕೆಲಸ ಎಂದು ಎಪ್ಪತ್ತು ದಾಟುವವರೆಗೆ ನನಗೆ ಗೊತ್ತಿರಲಿಲ್ಲ. ಬೀಡಿ ಕಟ್ಟುವುದು ಕೆಲಸ, ಮೀನು ಕೊಯ್ಯುವುದು ಕೆಲಸ, ಬಾವಿಯಿಂದ ನೀರು ಸೇದುವುದು ಕೆಲಸ. ಸೀರೆ ಎಂದರೆ ಮೈಗೆ ಸುತ್ತಿಕೊಂಡು ಕೆಲಸಕ್ಕೆ ಹೊರಡುವುದು, ಅಷ್ಟೆ. ಈಗ ಹಾಗಲ್ಲ. ಸ್ನಾನ ಮಾಡಿ, ಸೀರೆ ಉಟ್ಟು, ತಲೆ ಬಾಚಿದರೆ ನನ್ನ ದಿನದ ದುಡಿಮೆ ಮುಗಿಯಿತು. ಆಮೇಲೆ ದಿನವೊಂದು ಬಾಕಿ ಇರುತ್ತದೆ. ಅದು ಸಾಯಂಕಾಲದವರೆಗೆ ಅಂಗಳದಲ್ಲಿ ಬಿದ್ದುಕೊಂಡಿರುತ್ತದೆ, ನಾನು ಒಳಗೆ ಬಿದ್ದುಕೊಂಡಿರುತ್ತೇನೆ.

ನಾನಿರುವುದು ಕಾಪುವಿನಲ್ಲಿ, ಮಗಳ ಮನೆಯಲ್ಲಿ. ಹೈವೇಯಿಂದ ಸಮುದ್ರದ ಕಡೆಗೆ ಇಳಿಯುವ ಓಣಿ. ಅಳಿಯ ಮಲ್ಪೆಯಲ್ಲಿ ಬೋಟಿನ ಕೆಲಸಕ್ಕೆ ಹೋಗುವವನು. ಬೋಟು ಹೊರಟರೆ ವಾರಗಟ್ಟಲೆ ಮುಖ ಕಾಣಲಿಕ್ಕಿಲ್ಲ. ಮಗಳು ಉಡುಪಿಯ ಒಂದು ದೊಡ್ಡ ಜವಳಿ ಅಂಗಡಿಯಲ್ಲಿ ಸೀರೆ ಮಾರುತ್ತಾಳೆ. ಬೆಳಿಗ್ಗೆ ಬಸ್ಸು ಹತ್ತಿದರೆ ಬರುವಾಗ ಕತ್ತಲಾಗುತ್ತದೆ. ಹಗಲಿಗೆ ಮನೆಯಲ್ಲಿ ನಾನು ಮತ್ತು ಒಂದು ಬೆಕ್ಕು. ನಾನು ಕಲಿತದ್ದು ಕಾರ್ಕಳದಲ್ಲಿ, ಮೂರನೇ ಕ್ಲಾಸು. ಮನೆಯಲ್ಲಿ ಮಾತು ತುಳು, ಬರೆಯಲು ಬರುವುದು ಕನ್ನಡ. ಬರೆಯಲು ಕೈ ಮೇಲೆತ್ತಬೇಕಾಗಿಲ್ಲ, ಅದಕ್ಕೆ ಬರೆಯುತ್ತೇನೆ. ಅಕ್ಷರ ತಪ್ಪಿದ್ದರೆ ಓದುವವರು ಸರಿ ಮಾಡಿಕೊಳ್ಳಿ.

ನನಗೆ ಇರುವುದು ಎದೆಯ ಕಾಯಿಲೆ. ಶ್ವಾಸಕೋಶ ಹಾಳಾಗಿದೆ, ಅದು ಇನ್ನು ಸರಿಯಾಗುವ ಜಾತಿಯದ್ದಲ್ಲ ಎಂದು ಡಾಕ್ಟರು ಹೇಳಿ ವರ್ಷಗಳಾದವು. ಮೊದಲ ಸಲ ಹೋದಾಗ ಅವರು ಕೇಳಿದರು, "ಬೀಡಿ ಸೇದ್ತಿದ್ರಾ?"

"ಕಟ್ಟಿದ್ದೇನೆ. ಸೇದಿಲ್ಲ," ಎಂದೆ.

ಅವರು ನಕ್ಕರು. ನಾನು ತಮಾಷೆಗೆ ಹೇಳಿದ್ದಲ್ಲ. ಮದುವೆಯಾಗಿ ಕಾಪುವಿಗೆ ಬಂದ ಮೇಲೆ ಮಡಿಲಲ್ಲಿ ಮೊರ ಇಟ್ಟುಕೊಂಡು ಹೊಗೆಸೊಪ್ಪಿನ ಧೂಳಿನಲ್ಲೇ ಕೂತವಳು ನಾನು. ಅದಕ್ಕಿಂತ ಮೊದಲು ಕಾರ್ಕಳದಲ್ಲಿ ಗೇರುಬೀಜದ ಕಾರ್ಖಾನೆ. ಹುರಿಯುವ ಕಡೆಯಿಂದ ಬರುವ ಹೊಗೆ ಕಣ್ಣಿಗೆ, ಗಂಟಲಿಗೆ ಖಾರ ಹಾಕಿದ ಹಾಗೆ. ಮನೆಗೆ ಬಂದರೆ ಒಲೆಯಲ್ಲಿ ಹಸಿ ತೆಂಗಿನ ಮಡಲು. ಯಾವ ಹೊಗೆ ಎಷ್ಟು ತಿಂದಿತು ಎಂದು ನಾನು ಎಲ್ಲಿಂದ ಹೇಳಲಿ? ಡಾಕ್ಟರು ಪಂಪು ಕೊಟ್ಟರು, ಬಾಯಿಗಿಟ್ಟು ಎಳೆದುಕೊಳ್ಳುವುದು. ಎಳೆದೆ. ಈಗಲೂ ಎಳೆಯುತ್ತೇನೆ. ಎದೆಯಲ್ಲಿ ಕೊಳಲೂದುವ ಸದ್ದು ನಿಂತಿತು.

ತೊಂದರೆ ಶುರುವಾದದ್ದೇ ಆ ಸದ್ದು ನಿಂತ ಮೇಲೆ. ಸದ್ದಿದ್ದಾಗ ಮಗಳು ಬಿಸಿನೀರು ಹಿಡಿದುಕೊಂಡು ಓಡಿ ಬರುತ್ತಿದ್ದಳು. ನೆರೆಮನೆಯವರೂ "ಪಾಪ" ಅನ್ನುತ್ತಿದ್ದರು. ಈಗ ನನ್ನಲ್ಲಿ ಕೇಳುವಂಥದ್ದು ಏನೂ ಇಲ್ಲ, ಕಾಣುವಂಥದ್ದೂ ಇಲ್ಲ. ಜ್ವರ ಇಲ್ಲ, ಬಾವು ಇಲ್ಲ. ಇರುವುದು ಬಚ್ಚೆಲ್. ಆಯಾಸಕ್ಕೆ ನಾವು ತುಳುವಿನಲ್ಲಿ ಹೇಳುವ ಮಾತು ಅದು. ಆದರೆ ಇದು ನಾನು ಬೀಡಿ ಕಟ್ಟಿ ಏಳುವಾಗ ಇರುತ್ತಿದ್ದ ಬಚ್ಚೆಲ್ ಅಲ್ಲ. ಅದು ಒಂದು ನಿದ್ದೆಗೆ ಹೋಗುತ್ತಿತ್ತು. ಇದು ನಿದ್ದೆಯಿಂದ ಏಳುವಾಗಲೇ ಎದ್ದು ಕೂತಿರುತ್ತದೆ. ಹಾಸಿಗೆಯಿಂದ ಕಾಲು ಕೆಳಗಿಡುವಾಗ ರಾತ್ರಿಯಿಡೀ ಯಾರೋ ನನ್ನಿಂದ ಗದ್ದೆ ಕೊಚ್ಚಿಸಿದ ಹಾಗೆ. ಕೈ ತಲೆಯಿಂದ ಮೇಲೆ ಹೋದರೆ ಮುಗಿಯಿತು. ಬಟ್ಟೆ ಒಣಹಾಕಲು, ತಲೆ ಬಾಚಲು, ಸೆರಗು ಹಿಂದಿನಿಂದ ತಂದು ಹೆಗಲಿಗೆ ಹಾಕಲು ಕೈ ಎತ್ತಲೇಬೇಕು. ಹೆಂಗಸಿನ ಬದುಕಿನಲ್ಲಿ ಕೈ ಎಷ್ಟು ಸಲ ಮೇಲೆ ಹೋಗುತ್ತದೆ ಎಂದು ಕೈ ಹೋಗದವಳಿಗೆ ಮಾತ್ರ ಗೊತ್ತು.

ಇದಕ್ಕೆ ಊರು ಇಟ್ಟ ಹೆಸರು ಉದಾಸೀನ. ನಮ್ಮ ಕಡೆ ಉದಾಸೀನ ಎಂದರೆ ಸೋಮಾರಿತನ. ಕಾರ್ಕಳದಿಂದ ನನ್ನ ತಂಗಿ ಫೋನು ಮಾಡುತ್ತಾಳೆ.

"ಎಂತ ಮಾಡ್ತಿದ್ದಿ ಅಕ್ಕ?"

"ಕೂತಿದ್ದೇನೆ."

"ಆಗ ಮಾಡಿದಾಗಲೂ ಕೂತೇ ಇದ್ದಿ."

"ಆಗ ಕೂತವಳು ಇನ್ನೂ ಎದ್ದಿಲ್ಲ."

"ಉದಾಸೀನ ಮಾರಾಯ್ತಿ ನಿಂಗೆ. ನನ್ನನ್ನು ನೋಡು, ಮಂಡಿನೋವಿನಲ್ಲೂ ದನ ಕಟ್ತೇನೆ. ಕೂತಷ್ಟೂ ಕೂರುವ ಅಂತಲೇ ಅನಿಸುದು."

ಅವಳ ಮಂಡಿನೋವಿಗೆ ಎಣ್ಣೆ ಉಂಟು, ಪಟ್ಟಿ ಉಂಟು, ಕುಂಟುವ ನಡಿಗೆ ಉಂಟು. ನೋಡಿದವರಿಗೆ ತಿಳಿಯುತ್ತದೆ. ನನ್ನದಕ್ಕೆ ಕುಂಟು ಸಹ ಇಲ್ಲ.

ತಂಗಿ ಹೇಳಿದರೆ ನಾನು ಫೋನು ಇಡುತ್ತೇನೆ. ಮಗಳು ಹೇಳಿದರೆ ಎಲ್ಲಿ ಇಡಲಿ? ಬರುವಾಗಲೇ ಅವಳ ಮುಖ ಬಾಡಿರುತ್ತಿತ್ತು. ಹಗಲಿಡೀ ನಿಂತು ಗಿರಾಕಿಗಳ ಎದುರು ಸೀರೆ ಬಿಡಿಸಿ ಬಿಡಿಸಿ ಹಾಕುವುದು, ಅವರು ಎದ್ದು ಹೋದ ಮೇಲೆ ಅಷ್ಟನ್ನೂ ಮಡಚುವುದು. ಅಡುಗೆಮನೆಗೆ ಹೋಗಿ ಮುಚ್ಚಳ ತೆಗೆದು ನೋಡುತ್ತಾಳೆ. ಅನ್ನ ಇರುತ್ತದೆ, ಸಾರು ಇರುತ್ತದೆ, ಅಷ್ಟೇ.

"ಬಸಳೆ ಹಾಗೇ ಉಂಟಲ್ಲ ಅಮ್ಮ. ಹಗಲಿಡೀ ಇದ್ದು ಒಂದು ಬಸಳೆ ಕೊಯ್ಲಿಕ್ಕೆ ಆಗುದಿಲ್ವಾ?"

"ಆಗ್ಲಿಲ್ಲ."

"ಹಾಗಾದ್ರೆ ಎಂತ ಮಾಡಿದ್ದು?"

"ಅನ್ನ ಮಾಡಿ ಕೂತೆ. ಸಾರು ಮಾಡಿ ಕೂತೆ."

"ನಂಗೂ ಬಚ್ಚುದಿಲ್ವಾ? ಅಲ್ಲಿ ಕೂರ್ಲಿಕ್ಕೆ ಒಂದು ಸ್ಟೂಲು ಸಹ ಇಲ್ಲ ಗೊತ್ತುಂಟಾ?"

ಗೊತ್ತಿತ್ತು. ಅವಳ ಪಾದ ಊದಿಕೊಂಡಿರುತ್ತಿತ್ತು. ಬಕೆಟಿನ ಬಿಸಿನೀರಲ್ಲಿ ಕಾಲಿಟ್ಟು ಟಿವಿ ನೋಡಿದರೆ ಅವಳದ್ದು ಇಳಿಯುತ್ತದೆ, ನನ್ನದಕ್ಕೆ ಇಡಲು ಬಕೆಟು ಇಲ್ಲ. ಆದರೂ ಇಬ್ಬರಲ್ಲಿ ಯಾರಿಗೆ ಹೆಚ್ಚು ಬಚ್ಚಿದೆ ಎಂದು ಜಗಳವಾಡಿದರೆ ಗೆಲ್ಲುವವಳು ಅವಳೇ. ಅವಳು ದುಡಿದು ಬಂದವಳು.

ಮೀನಿನ ಕೆಲಸ ಮಾತ್ರ ನನ್ನದೇ ಎಂದು ಮನೆಯಲ್ಲಿ ಹೆಸರಿತ್ತು. ಮೆಟ್ಟುಕತ್ತಿಯ ಮೇಲೆ ಕಾಲಿಟ್ಟು ಕೂತರೆ ಬಂಗುಡೆ ನನ್ನ ಕೈಯಲ್ಲಿ ತಾನಾಗಿ ತಿರುಗುತ್ತಿತ್ತು. ಈಗ ಕೂರಲು ಆಗುತ್ತದೆ, ಏಳಲು ಆಗುವುದಿಲ್ಲ. ಬುಟ್ಟಿ ಹೊತ್ತು ಬರುವ ಮೀನಿನವಳಿಗೆ ಒಂದು ದಿನ, ಮಳೆಗಾಲದ ನಡುವೆ ಬೋಟುಗಳು ಮತ್ತೆ ಸಮುದ್ರಕ್ಕಿಳಿದ ಮೇಲೆ, ಹೇಳಿದೆ, "ನೀನೇ ಕೊಯ್ದು ಕೊಟ್ಟು ಹೋಗು ಮಾರಾಯ್ತಿ."

"ಎಂತ ಅಕ್ಕ, ರಾಣಿ ಆದಿರಾ?"

"ಆದೆ. ಕೊಯ್ಯಿ."

"ಮಗಳು ಕೇಳಿದ್ರೆ?"

"ಮೀನು ಬಾಯಿ ಬಿಡುದಿಲ್ಲ. ನೀನೂ ಬಿಡಬೇಡ."

ಅವಳು ಮೆಟ್ಟಿಲ ಮೇಲೆ ಕೂತು ಸರಸರ ಕೊಯ್ದು, ತಲೆಗಳನ್ನೆಲ್ಲ ಬೆಕ್ಕಿಗೆ ಎಸೆದು ಹೋಗುತ್ತಿದ್ದಳು. ಬೆಕ್ಕು ಆ ಮಳೆಗಾಲದಲ್ಲಿ ದಪ್ಪವಾದ ಹಾಗೆ ಹಿಂದೆಂದೂ ಆಗಿರಲಿಲ್ಲ.

ಆ ಮಳೆ ಮುಗಿದ ಮೇಲೆ ಮಗಳು ನನ್ನನ್ನು ಉಡುಪಿಯಲ್ಲಿ ಒಬ್ಬ ಎದೆಯ ಡಾಕ್ಟರ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಡಾಕ್ಟರ ಹತ್ತಿರ ಹೋಗಲು ಒಳ್ಳೆ ಆರೋಗ್ಯ ಬೇಕು, ಅದು ಯಾರೂ ಹೇಳುವುದಿಲ್ಲ. ಎರಡು ದಿನ ಮೊದಲಿನಿಂದಲೇ ನಾನು ಅಲ್ಲಾಡದೆ ಕೂತು ಶಕ್ತಿ ಕೂಡಿಟ್ಟೆ. ಆ ದಿನ ಮಗಳು ಅಂಗಡಿಯಿಂದ ತಂದ ಹಸಿರು ಸೀರೆ ಉಟ್ಟೆ, ಪೌಡರು ಹಾಕಿದೆ, ಬೊಟ್ಟು ಇಟ್ಟೆ. ನಮ್ಮ ಕಡೆ ದೊಡ್ಡ ಡಾಕ್ಟರ ಹತ್ತಿರ ಹೋಗುವುದೆಂದರೆ ಮದುವೆಗೆ ಹೋದ ಹಾಗೆ, ಹಳೆ ಸೀರೆ ಉಟ್ಟು ಹೋದರೆ ಮಗಳಿಗೆ ಮರ್ಯಾದೆ ಅಲ್ಲ. ಬಸ್ಸಿನಲ್ಲಿ ಕೂತೆ, ಕ್ಲಿನಿಕ್ಕಿನಲ್ಲಿ ಕೂತೆ. ಒಳಗೆ ಹೋಗುವಷ್ಟರಲ್ಲಿ ನಾನು ನಿಜವಾಗಿ ಲಾಯಕ್ಕಿದ್ದೆ, ಕಾಯಿಲೆಯವಳ ಹಾಗೆ ಇರಲೇ ಇಲ್ಲ.

ಡಾಕ್ಟರು ಹೊಸಬ, ಘಟ್ಟದ ಮೇಲಿನವನು. ಮಗಳು ಹೊರಗೆ ಮೊದಲಿನ ಚೀಟಿಗಳನ್ನು ಹುಡುಕುತ್ತಿದ್ದಳು.

"ಚೆನ್ನಾಗಿ ಕಾಣ್ತಿದ್ದೀರಲ್ಲ ಅಜ್ಜಿ. ದಮ್ಮು ಇದೆಯಾ?"

"ದಮ್ಮಾ? ದಮ್ಮೇ ಇಲ್ಲ. ಒಂಚೂರೂ ಇಲ್ಲ."

"ತುಂಬಾ ಒಳ್ಳೇದು."

ನಾನು ಅವನ ಮುಖ ನೋಡಿದೆ. ಮೈಯಲ್ಲಿ ಶಕ್ತಿ ಇಲ್ಲ ಎನ್ನುವ ಮುದುಕಿಗೆ ತುಂಬಾ ಒಳ್ಳೇದು ಅನ್ನುವವನು ಎಂಥ ಡಾಕ್ಟರು!

"ಮೊದಲು ಇತ್ತಲ್ವಾ?" ಎಂದು ಕೇಳಿದ.

"ಮೊದಲು ಬೇಕಾದಷ್ಟಿತ್ತು. ಈಗ ಪೂರಾ ಹೋಯ್ತು."

"ಪಂಪು ಚೆನ್ನಾಗಿ ಕೆಲಸ ಮಾಡ್ತಿದೆ ಅಜ್ಜಿ. ಅದನ್ನೇ ಮುಂದುವರಿಸಿ. ಸುಮ್ಮನೆ ಕೂತ್ಕೋಬೇಡಿ, ಸ್ವಲ್ಪ ಓಡಾಡಿ."

ಮತ್ತೆ ಎದೆಗೆ ಕೊಳವೆ ಇಟ್ಟು ನೋಡಿದ, ಬೆರಳಿಗೆ ಚಿಮುಟ ಹಾಕಿ ನೋಡಿದ. ಎಲ್ಲಾ ಸರಿ ಇದೆ ಎಂದು ಒಳಗೆ ಬಂದ ಮಗಳಿಗೆ ಹೇಳಿದ. ಅವನ ತಪ್ಪೇನಿಲ್ಲ. ಅವನು ಕೇಳಿದ ದಮ್ಮು ಬೇರೆ, ನಾನು ಹೇಳಿದ ದಮ್ಮು ಬೇರೆ. ಉಸಿರು ಕಟ್ಟಿ ಏದುವುದಕ್ಕೂ ದಮ್ಮು, ಮೈಯ ತಾಕತ್ತಿಗೂ ದಮ್ಮು. ಅವನು ಉಬ್ಬಸ ಕೇಳಿದ್ದು, ನಾನು ತಾಕತ್ತು ಇಲ್ಲ ಎಂದದ್ದು. ಇದು ನನಗೆ ಹೊಳೆದದ್ದು ವಾಪಸು ಬರುವ ಬಸ್ಸಿನಲ್ಲಿ, ಕಿಟಕಿಯ ಗಾಳಿ ಮುಖಕ್ಕೆ ಬಿದ್ದ ಮೇಲೆ. ಹೊಳೆದ ಕೂಡಲೇ ಮಗಳಿಗೆ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಶುರು ಮಾಡಿದಳು.

"ಅಮ್ಮ, ನಿಂಗೆ ಹೇಳಿರ್ಲಿಲ್ಲ. ನಂಗೆ ಮದುವೆ ಸೀರೆ ಸೆಕ್ಷನ್ ಕೊಡ್ತಾರಂತೆ. ಪೂರಾ ರೇಷ್ಮೆ. ನಾನೇ ಮುಖ್ಯ."

"ಯಾವಾಗಿಂದ?"

"ಬರುವ ತಿಂಗಳಿಂದ. ಮದುವೆ ಸೀಸನ್ನಲ್ಲಿ ಸ್ವಲ್ಪ ಲೇಟಾಗ್ತದೆ ಅಷ್ಟೆ. ನಿನ್ನಿಂದ ಮನೆ ನೋಡ್ಲಿಕ್ಕೆ ಆಗ್ತದಾ ಇಲ್ವಾ ಅಂತ ನಾನು ಅವರಿಗೆ ಇನ್ನೂ ಹೂಂ ಅಂದಿರ್ಲಿಲ್ಲ. ಈಗ ಡಾಕ್ಟ್ರು ಹೇಳಿದ್ರಲ್ಲ, ನಂಗೆ ಜೀವ ಬಂತು."

ಆ ಸೆಕ್ಷನ್ನಿಗಾಗಿ ಅವಳು ಎಷ್ಟು ವರ್ಷ ಕಾದಳು ಎಂದು ನನಗೆ ಗೊತ್ತು. ಕೆಳಗಿನ ಮಾಳಿಗೆಯಲ್ಲಿ ಟವೆಲು, ಲಂಗ, ನೈಟಿ ಮಾರುತ್ತಾ ಶುರು ಮಾಡಿದವಳು. ಮೇಲೆ ಹೋಗಿ ಹೊಸ ಮದುಮಗಳ ಹೆಗಲಿಗೆ ಸೆರಗು ಹಾಕಿ ಕನ್ನಡಿಗೆ ತಿರುಗಿಸಿ ನಿಲ್ಲಿಸುವುದು ಅವಳ ಆಸೆ. ನಾನು ತೆರೆದ ಬಾಯಿ ಮುಚ್ಚಿದೆ. ಆಗುವುದಿಲ್ಲ ಎಂದರೆ ಅವಳು ಕೆಲಸ ಬಿಟ್ಟು ಮನೆಯಲ್ಲಿ ಕೂರುತ್ತಾಳೆ. ಆಗುತ್ತದೆ ಎಂದರೆ ನಾನು ಸಾಯುತ್ತೇನೆ. ಇದರ ನಡುವೆ ಬಸ್ಸು ಕಟಪಾಡಿ ದಾಟಿತು, ಕಾಪುವೂ ಬಂತು, ನಾವು ಇಳಿದೆವು.

ಅಲ್ಲಿಂದ ನನ್ನದು ನಾಟಕ. ಅವಳು ಬಾಗಿಲು ದಾಟುವವರೆಗೆ ಸೀರೆಯಲ್ಲಿ ನಿಂತಿರುತ್ತಿದ್ದೆ. ಅವಳು ಓಣಿಯ ತಿರುವಿನಲ್ಲಿ ಮರೆಯಾದ ಕೂಡಲೇ ಸೀರೆ ಬಿಚ್ಚಿ ಕುರ್ಚಿಗೆ ಹಾಕಿ, ಅವಳದ್ದೇ ಒಂದು ಹಳೆ ನೈಟಿ ತೊಡುತ್ತಿದ್ದೆ. ಮುದುಕಿಯರು ನೈಟಿ ಹಾಕಿ ಅಂಗಳಕ್ಕೆ ಬಂದರೆ ನಾನೇ ನಗುವವಳು. ಈಗ ಅದರೊಳಗೆ ಹೊಕ್ಕು ಕೂತೆ. ಹಗಲಿಡೀ ಕಿಟಕಿಯ ಹತ್ತಿರದ ಕುರ್ಚಿ. ಅಲ್ಲಿಂದ ಕಾಣುವುದು ತೆಂಗಿನ ತಲೆಗಳ ಮೇಲೆ ದೀಪಸ್ತಂಭದ ತುದಿ, ಕೆಳಗೆ ನೆರೆಯವರ ಗೋಡೆ. ಸಮುದ್ರದ ಸದ್ದು ಮನೆಯೊಳಗೇ ಕೇಳುತ್ತದೆ. ಬೀಡಿ ಕಟ್ಟುವ ಕಾಲದಲ್ಲಿ ಮೊರ ಕೆಳಗಿಟ್ಟು ಸುಮ್ಮನೆ ಹೋಗಿ ಕಾಲು ನೆನೆಸಿ ಬರುತ್ತಿದ್ದೆ. ಅಷ್ಟು ಹತ್ತಿರ. ನಾನು ಅದನ್ನು ನೋಡದೆ ವರ್ಷ ಕಳೆಯಿತು. ದೂರದ ಊರಿನಲ್ಲಿದ್ದವರಿಗೆ ಸಮುದ್ರ ಕಾಣದಿದ್ದರೆ ಅದು ಬೇರೆ. ಸದ್ದು ಕೇಳುತ್ತಾ ಕಾಣದೆ ಇರುವುದು ಕಟ್ಟಿ ಹಾಕಿದ ದನದ ಬಾಳು. ಹುಲ್ಲು ಎದುರಿಗೇ ಇರುತ್ತದೆ, ಹಗ್ಗ ಅಷ್ಟು ಉದ್ದ ಇರುವುದಿಲ್ಲ.

ಸಂಜೆ ದೀಪ ಹಚ್ಚುವ ಮೊದಲು ಮತ್ತೆ ಸೀರೆ. ಲಂಗ ಕಟ್ಟುವುದು, ಕೂರುವುದು. ಒಂದು ಸುತ್ತು ಸುತ್ತುವುದು, ಕೂರುವುದು. ನೆರಿಗೆ ಕೂತಲ್ಲೇ ಹಿಡಿಯುವುದು. ಸೆರಗಿಗೆ ಮಾತ್ರ ಕೈ ಎತ್ತಲೇಬೇಕು, ಅದನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದೆ. ಅವಳ ಬಸ್ಸು ಹೈವೇಯಲ್ಲಿ ನಿಲ್ಲುವ ಹೊತ್ತಿಗೆ ಸೆರಗು ಹೊದ್ದು, ಕೈಯಲ್ಲಿ ಪೊರಕೆ ಹಿಡಿದು, ಏನೋ ಗುಡಿಸುತ್ತಿದ್ದವಳ ಹಾಗೆ ಜಗಲಿಯಲ್ಲಿ ಇರುತ್ತಿದ್ದೆ. ಪೊರಕೆ ಊರಲಿಕ್ಕೂ ಆಗುತ್ತದೆ.

"ಡಾಕ್ಟ್ರು ಹೇಳಿದ್ದು ಸರಿ ಅಮ್ಮ. ಓಡಾಡಿದ್ದಕ್ಕೆ ನೀನು ಚುರುಕಾಗಿದ್ದಿ," ಎನ್ನುತ್ತಿದ್ದಳು.

"ಹೂಂ," ಎನ್ನುತ್ತಿದ್ದೆ. ಆ ಹೂಂ ಅನ್ನಲಿಕ್ಕೂ ಸ್ವಲ್ಪ ಉಳಿಸಿ ಇಟ್ಟುಕೊಳ್ಳಬೇಕಾಗಿತ್ತು.

ಒಂದು ದಿನ ಏಳುವಾಗ ಮೈ ಹಗುರವಿತ್ತು. ಅಂಥ ದಿನಗಳೂ ಬರುತ್ತವೆ, ಮೋಸ ಮಾಡಲಿಕ್ಕೆ. ಇವತ್ತು ಸಮುದ್ರ ನೋಡಿ ಬರುತ್ತೇನೆ ಎಂದು ಹಠ ಬಂತು. ಹೊರಗೆ ಹೋಗುವುದಾದರೆ ನೈಟಿಯಲ್ಲಿ ಹೋಗುವ ಜಾತಿ ಅಲ್ಲ ನಾನು. ಅಂಗಳದ ಬಾಗಿಲಿಗೆ ಚಿಲಕ ಹಾಕಿ ಸ್ನಾನಕ್ಕೆ ಹೋದೆ. ಅಲ್ಲಿ ಇನ್ನೊಂದು ಪೆದ್ದುತನ, ತಲೆಗೂ ನೀರು ಹಾಕಿಕೊಂಡೆ. ಚೆಂಬು ಎತ್ತಿ ಎತ್ತಿ ಸುರಿದು, ತಲೆ ಒರೆಸಿ, ಲಂಗ ರವಿಕೆ ಹಾಕಿ, ಸೀರೆಯ ತುದಿ ಸಿಕ್ಕಿಸುವಷ್ಟರಲ್ಲಿ ಎಲ್ಲಾ ಮುಗಿಯಿತು. ನೋವು ಅಲ್ಲ, ತಲೆ ತಿರುಗುವುದೂ ಅಲ್ಲ. ದೀಪದ ಎಣ್ಣೆ ಮುಗಿದ ಹಾಗೆ. ಬಚ್ಚಲಿನ ಹೊರಗಿನ ನೆಲದಲ್ಲಿ ಗೋಡೆಗೆ ಒರಗಿ ಕೂತೆ. ಉಳಿದ ಸೀರೆ ಬಚ್ಚಲಿನ ಒದ್ದೆಯಲ್ಲಿ ಬಿದ್ದಿತ್ತು. ಎಳೆದುಕೊಳ್ಳಬೇಕೆಂದು ತೋರಲಿಲ್ಲ.

ಆಗ ಬಾಗಿಲು ಬಡಿಯಿತು. ಮಗಳು. ಅಂಗಡಿಯ ಯಜಮಾನರ ಮನೆಯಲ್ಲಿ ಯಾರೋ ತೀರಿಕೊಂಡು ಅಂಗಡಿ ಮುಚ್ಚಿದ್ದರಂತೆ, ಅದಕ್ಕೆ ನಡುಹಗಲಿಗೆ ಬಂದದ್ದು. ಅವಳು ಕರೆಯುವುದು ಕೇಳುತ್ತಿತ್ತು. ಉತ್ತರ ಕೊಡಲು ಸ್ವರ ಬಾಗಿಲವರೆಗೆ ಹೋಗುವುದಿಲ್ಲ. ಎದ್ದು ಚಿಲಕ ತೆಗೆಯಲು ನಾನು ಹೋಗುವುದಿಲ್ಲ. ಬಾಗಿಲು ನಾನೇ ಹಾಕಿದ್ದು, ತೆಗೆಯಲು ನನ್ನಿಂದಲೇ ಆಗುವುದಿಲ್ಲ. ಬಡಿಯುವುದು ನಿಂತಿತು. ಆಮೇಲೆ ಮನೆಯ ಹಿಂದೆ ಚಪ್ಪಲಿಯ ಸದ್ದು, ಬಚ್ಚಲಿನ ಎದುರಿನ ಕಿಟಕಿಯಲ್ಲಿ ಅವಳ ಮುಖ.

"ಅಮ್ಮ! ಬಿದ್ದದ್ದಾ?"

"ಬಿದ್ದದ್ದಲ್ಲ. ಕೂತದ್ದು."

"ಅಲ್ಲಿ ಯಾಕೆ ಕೂತದ್ದು?"

"ಇಲ್ಲಿಗೆ ಮುಗಿಯಿತು."

"ಎಂತ ಮುಗಿಯಿತು? ಏಳು, ಬಾಗಿಲು ತೆಗೆ."

"ಆಗುದಿಲ್ಲ. ಸ್ವಲ್ಪ ನಿಲ್ಲು."

ಅವಳು ಕಿಟಕಿಯ ಸರಳು ಹಿಡಿದು ಬಿಸಿಲಿನಲ್ಲಿ ನಿಂತಳು. ಮೊದಲು ಹೆದರಿದ್ದಳು. ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಒದ್ದೆ ತಲೆ, ಅರ್ಧ ಸೀರೆ, ಕುರ್ಚಿಯ ಮೇಲೆ ಅವಳ ಹಳೆ ನೈಟಿ. ಸೀರೆ ಬಿಡಿಸಿ ಮಡಚಿಯೇ ಹೊಟ್ಟೆ ಹೊರೆಯುವವಳು, ಅವಳಿಗೆ ಅರ್ಥವಾಗಲು ಹೊತ್ತು ಬೇಕಾಗಲಿಲ್ಲ.

"ದಿನಾ ಹೀಗೇನಾ?"

ನಾನು ಒದ್ದೆಯಲ್ಲಿ ಬಿದ್ದಿದ್ದ ಸೀರೆಯ ಕಡೆ ನೋಡಿದೆ.

"ಡಾಕ್ಟ್ರ ಹತ್ತಿರ ದಮ್ಮು ಇಲ್ಲ ಅಂದದ್ದು ಮತ್ತೆ ಯಾಕೆ? ನೀನೇ ಹೇಳಿದ್ದು ಅಂತ ಅವರು ನನ್ನ ಹತ್ತಿರ ಹೇಳಿದ್ರು."

"ಇಲ್ಲ ಅಂತಲೇ ಹೇಳಿದ್ದು. ನೋಡು, ಉಂಟಾ?"

ಅವಳು ಸರಳಿಗೆ ಹಣೆ ತಾಗಿಸಿ ನಗತೊಡಗಿದಳು. ನಗುವಾ ಅಳುವಾ ಎಂದು ನಾನು ನೋಡಲಿಲ್ಲ, ಮೂಗು ಮಾತ್ರ ಸುರಿಯುತ್ತಿತ್ತು.

"ಮೀನು ನೀನು ಕೊಯ್ಯುದಲ್ಲ ಅಂತ ನಂಗೆ ಯಾವಾಗಲೋ ಗೊತ್ತುಂಟು," ಎಂದಳು. "ನೀನು ಬಂಗುಡೆಯ ತಲೆ ಬಿಸಾಡುವವಳಾ? ತಲೆ ಇಲ್ಲದ ಸಾರು ನೋಡಿ ನಿಂಗೆ ಉದಾಸೀನ ಅಂತಲೇ ಎಣಿಸಿದ್ದು ನಾನು."

"ನೀನು ಮಾತ್ರವಾ, ಊರೇ ಎಣಿಸಿದೆ."

"ನಂಗೆ ಒಂದು ಮಾತು ಹೇಳ್ಲಿಕ್ಕೆ ಎಂತ ಆಗಿತ್ತು?"

"ನಿನ್ನ ರೇಷ್ಮೆ ಸೆಕ್ಷನ್ ಆಗಿತ್ತು."

ಒಳಗೆ ನಾನು, ಹೊರಗೆ ಅವಳು, ನಡುವೆ ಸರಳು. ನನಗೆ ಏಳುವಷ್ಟು ಬರುವವರೆಗೆ ಅವಳು ಅಲ್ಲೇ ನಿಂತಿದ್ದಳು.

ಅದಾದ ಮೇಲೆ ಮಣಿಪಾಲಕ್ಕೆ ಹೋದೆವು. ಈ ಸಲ ಮಗಳು ಪೌಡರು ಹಾಕಲು ಬಿಡಲಿಲ್ಲ. ಕೊಳವೆಯಲ್ಲಿ ಊದಿಸಿದರು, ಉದ್ದ ಓಣಿಯಂಥ ವರಾಂಡದಲ್ಲಿ ನಡೆಸಿದರು. ಅಲ್ಲಿ ವ್ಯಾಯಾಮ ಹೇಳಿಕೊಡುವ ಹೆಂಗಸು ದಮ್ಮಿನ ವಿಷಯ ಕೇಳಲೇ ಇಲ್ಲ.

"ಸ್ನಾನ ಆದ ಮೇಲೆ ಎಂತ ಮಾಡ್ತೀರಿ ಅಮ್ಮ?"

"ಕೂರ್ತೇನೆ."

"ಎಷ್ಟು ಹೊತ್ತು?"

"ತಲೆ ತಾನಾಗಿ ಒಣಗುವವರೆಗೆ."

ಅವಳು ತಲೆಯಾಡಿಸಿದಳು. ಈ ಬಚ್ಚೆಲ್ ಸಹ ಆ ಕಾಯಿಲೆಯದ್ದೇ, ಸದ್ದು ಹೋದರೂ ಇದು ಹೋಗಬೇಕೆಂದಿಲ್ಲ ಎಂದು ಮಗಳಿಗೆ ಕೇಳುವ ಹಾಗೆ ಹೇಳಿದಳು. ಅದೊಂದು ಮಾತಿಗಾಗಿ ನಾನು ಅಷ್ಟು ದೂರ ಹೋದದ್ದು ವ್ಯರ್ಥ ಅಲ್ಲ. ಕೂತು ಸ್ನಾನ ಮಾಡಿ, ಕೈ ಎತ್ತುವಾಗ ತುಟಿ ಮುಂದೆ ಮಾಡಿ ಉಸಿರು ಬಿಡಿ, ದಿನಾ ಸ್ವಲ್ಪ ನಡೆಯಿರಿ, ಬಚ್ಚುವ ಮೊದಲೇ ಕೂರಿ ಎಂದಳು. ವಾರದಲ್ಲಿ ಎರಡು ಸಲ ವ್ಯಾಯಾಮಕ್ಕೆ ಬರಬೇಕು ಎಂದಾಗ ನಾನು ಹೇಳಿದೆ, "ಇಲ್ಲಿಗೆ ಬರುವುದೇ ಒಂದು ವ್ಯಾಯಾಮ. ಬಂದ ಮೇಲೆ ಎರಡನೆಯದ್ದು ನನ್ನಿಂದಾಗದು." ಮನೆಯಲ್ಲೇ ಮಾಡುವ ನಾಲ್ಕು ತೋರಿಸಿ ಕಳಿಸಿದಳು. ಮಾಡುತ್ತೇನೆ. ಸ್ವಲ್ಪ ಗುಣ ಉಂಟು. ಹೆಚ್ಚೇನೂ ಇಲ್ಲ.

ನಂಬಿದರೆ ಬಿಡುಗಡೆ ಎಂದು ನಾನು ಎಣಿಸಿದ್ದೆ. ಮಗಳು ನಂಬಿದಳು, ಬೇಕಾದ್ದಕ್ಕಿಂತ ಹೆಚ್ಚು. ಮೆಟ್ಟುಕತ್ತಿಯನ್ನು ಅಟ್ಟಕ್ಕೆ ಹಾಕಿದಳು. ತುರಿಮಣೆಯನ್ನೂ ಹಾಕಿದಳು. ಮೀನಿನವಳಿಗೆ, ನೆರೆಯವರಿಗೆ, ಕಾರ್ಕಳದ ತಂಗಿಗೆ, ಎಲ್ಲರಿಗೂ ಹೇಳಿದಳು. ತಂಗಿ ಫೋನಿನಲ್ಲಿ ಅತ್ತಳು. ಉದಾಸೀನ ಎಂದು ಬಯ್ಯುವಾಗ ಅವಳು ಇದಕ್ಕಿಂತ ಚೆನ್ನಾಗಿ ಮಾತಾಡುತ್ತಿದ್ದಳು. ನಾನು ಲೋಟ ಎತ್ತಿದರೆ "ಇಡು", ಎದ್ದರೆ "ಕೂರು". ಅಂಗಡಿಗೆ ರಜೆ ಹಾಕಿ ನನ್ನ ಎದುರೇ ಕೂತಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಹಗಲು ಕಳೆದೆವು. ಬೆಕ್ಕಿಗೂ ಬೇಸರ ಬಂತು.

ಒಂದು ಬೆಳಿಗ್ಗೆ ಅವಳು ಹೇಳಿದಳು, "ನಾನು ಕೆಲಸ ಬಿಡ್ತೇನೆ ಅಂತ ಹೇಳಿ ಬರ್ತೇನೆ."

"ನೀನು ಮನೆಯಲ್ಲಿ ಕೂತ್ರೆ ನಂಗೆ ದಮ್ಮು ಬರ್ತದಾ?"

"ನೀನು ಪುನಃ ಹಾಗೆ ಕೂತು ಹೋದ್ರೆ?"

"ಕೂರ್ತೇನೆ. ನೀನಿದ್ರೂ ಕೂರ್ತೇನೆ. ಚಿಲಕ ಹಾಕುದಿಲ್ಲ, ಅಷ್ಟೆ."

"ಪುನಃ ನಾಟಕ ಮಾಡ್ತಿ ನೀನು. ನಿನ್ನ ಬಾಯಿ ನಂಬ್ಲಿಕ್ಕಾಗುದಿಲ್ಲ. ಹೇಗಿದ್ದಿ ಕೇಳಿದ್ರೆ ಹೂಂ ಅಂತಿ."

"ಹಾಗಾದ್ರೆ ಹೇಗಿದ್ದಿ ಕೇಳ್ಬೇಡ. ಮೈಮೇಲೆ ಎಂತ ಉಂಟು ಅಂತ ಕೇಳು."

ಅದು ಬಾಯಿಗೆ ಬಂದದ್ದು, ಯೋಚಿಸಿ ಹೇಳಿದ್ದಲ್ಲ. ಆದರೆ ಅವಳು ಅದನ್ನೇ ಹಿಡಿದಳು. ದಿನಾ ಮಧ್ಯಾಹ್ನ ಫೋನು ಮಾಡುತ್ತೇನೆ, ನೀನು ಸುಳ್ಳು ಹೇಳಬಾರದು, ಹೇಳಿದರೆ ಅವತ್ತೇ ಕೆಲಸ ಬಿಡುತ್ತೇನೆ ಎಂದಳು. ನಾನು ಅಟ್ಟದಿಂದ ಮೆಟ್ಟುಕತ್ತಿ ಇಳಿಸು ಎಂದೆ. ಅದನ್ನು ಇಳಿಸಲಿಲ್ಲ, ತುರಿಮಣೆ ಇಳಿಸಿ ಕೊಟ್ಟಳು.

ಈಗ ಅವಳು ರೇಷ್ಮೆ ಸೆಕ್ಷನ್ನಿನಲ್ಲಿ ಇದ್ದಾಳೆ. ನಾನು ಕುರ್ಚಿಯಲ್ಲಿದ್ದೇನೆ. ಚಿಲಕ ತೆಗೆದಿರುತ್ತದೆ. ತೆಗೆದ ಬಾಗಿಲಿನಿಂದ ಹೋಗುವುದು ಬರುವುದು ಬೆಕ್ಕು. ವ್ಯಾಯಾಮದ ಲೆಕ್ಕದಲ್ಲಿ ನಾನು ಅಂಗಳದ ಗೇಟಿನವರೆಗೆ ಹೋಗಿ ಗೇಟು ಹಿಡಿದು ತಿರುಗುತ್ತೇನೆ. ಸಮುದ್ರ ನಾನಿನ್ನೂ ನೋಡಿಲ್ಲ. ಮಳೆಗಾಲಕ್ಕೆ ಬೋಟು ದಡಕ್ಕೆ ಕಟ್ಟಿದ ಮೇಲೆ ರಿಕ್ಷಾದಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದು ಅಳಿಯ ಹೇಳಿದ್ದಾನೆ. ರಿಕ್ಷಾದಲ್ಲಿ ಕೂತು ಸಮುದ್ರ ನೋಡುವುದು ಎಂದರೆ ಟಿವಿಯಲ್ಲಿ ನೋಡಿದ ಹಾಗೆ. ಆದರೂ ಬೇಡ ಎನ್ನಲಿಲ್ಲ.

ಇವತ್ತು ಮಧ್ಯಾಹ್ನ ಇದನ್ನು ಬರೆಯುತ್ತಿರುವಾಗಲೇ ಫೋನು ಬಂತು. ಹಿಂದೆ ಗಿರಾಕಿಗಳ ಗಲಾಟೆ, ಯಾರದ್ದೋ ಮಗು ಅಳುವುದು.

"ಅಮ್ಮ, ಸೀರೆಯಾ, ನೈಟಿಯಾ?"

"ನೈಟಿ."

ಅವಳ ಹತ್ತಿರ ಯಾರೋ ಹೆಂಗಸು "ನೈಟಿ ಕೆಳಗಿನ ಮಾಳಿಗೆಯಲ್ಲಲ್ವಾ?" ಎಂದು ಕೇಳಿದ್ದು ನನಗೂ ಕೇಳಿತು. "ನಿಮಗಲ್ಲ, ನಮ್ಮ ಅಮ್ಮನಿಗೆ," ಎಂದಳು ಮಗಳು. ಆ ಹೆಂಗಸು "ಮುದುಕಿಯರಿಗೆ ಹತ್ತಿಯದ್ದೇ ಒಳ್ಳೇದು," ಎಂದಳು.

"ನಿನ್ನೆಯೂ ನೈಟಿ," ಎಂದಳು ಮಗಳು.

"ನಿನ್ನೆಯೂ."

"ಮೊನ್ನೆಯೂ?"

"ಮೊನ್ನೆಯೂ. ಸುಳ್ಳು ಬೇಕಾದ್ರೆ ಹೇಳು, ಸೀರೆ ಅಂತೇನೆ."

ರೇಷ್ಮೆ ಸೀರೆಯೊಂದನ್ನು ಹಲಗೆಯ ಮೇಲೆ ಬಿಡಿಸಿ ಎಸೆಯುವ ಸದ್ದು ಕೇಳಿತು. ಅದು ಅವಳ ಕೈಯೇ, ನನಗೆ ಗೊತ್ತು.

"ಬರೀ ಗಂಜಿ ಇಡು," ಎಂದಳು. "ಚಟ್ನಿ ನಾನು ಬಂದು ಅರೀತೇನೆ. ಲೇಟಾಗ್ತದೆ."

"ಆಗ್ಲಿ. ಆ ಮದುಮಗಳಿಗೆ ಭಾರದ್ದು ಕೊಡಬೇಡ."

"ಮದುಮಗಳಿಗೆ ಭಾರದ್ದೇ ಬೇಕಂತೆ ಅಮ್ಮ."

ಫೋನು ಇಟ್ಟಳು. ಗಂಜಿಗೆ ಅಕ್ಕಿ ತೊಳೆಯಬೇಕು. ಪಾತ್ರೆ ಕೆಳಗಿನ ಹಲಗೆಯಲ್ಲೇ ಉಂಟು, ಕೈ ಎತ್ತಬೇಕಾಗಿಲ್ಲ. ಸ್ವಲ್ಪ ಕೂತು ಆಮೇಲೆ ಏಳುತ್ತೇನೆ.